ನೀರಿದ್ದೂ ಬಾಡುವ ಪೈರು: ಕೋಶಪೊರೆಯ ಕುರಿತು ನಾವು ನಂಬಿದ್ದು, ನಡೆಯುವುದು

ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಗುಡ್ಡಗಳ ಮೇಲೆ ಮೂರೂವರೆ ಸಾವಿರ ವರ್ಷಗಳ ಹಿಂದೆ ಬದುಕಿದ್ದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು, ದನ ಸಾಕುತ್ತಿದ್ದರು, ಹುರುಳಿ, ಹೆಸರು ಉಣ್ಣುತ್ತಿದ್ದರು. ಉತ್ಖನನದಲ್ಲಿ ಸಿಕ್ಕ ಕರಕಲು ಕಾಳುಗಳೇ ಇದಕ್ಕೆ ಸಾಕ್ಷಿ. ಅದೇ ಹುರುಳಿಯನ್ನು ನಾವು ಇಂದಿಗೂ ರಾತ್ರಿ ನೆನೆಹಾಕಿ ಮಲಗುತ್ತೇವೆ. ಬೆಳಿಗ್ಗೆ ಎದ್ದು ನೋಡಿದರೆ ಕಾಳು ಉಬ್ಬಿರುತ್ತದೆ. ‘ಕಾಳಿಗೆ ಜೀವ ಬಂತು’ ಅನ್ನುತ್ತೇವೆ.

ಆ ಉಬ್ಬಿಗೂ ಜೀವಕ್ಕೂ ಸಂಬಂಧವಿಲ್ಲ. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತು ಮೊಳೆಯುವ ಶಕ್ತಿಯನ್ನೇ ಕಳೆದುಕೊಂಡ ಕಾಳೂ ಹಾಗೆಯೇ ಉಬ್ಬುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಊದಿ ಚೌಕಟ್ಟಿಗೆ ಬಿಗಿಯುವುದಿಲ್ಲವೇ, ಕಾಳಿನೊಳಗಿನ ಪಿಷ್ಟ, ಪ್ರೋಟೀನುಗಳೂ ಹಾಗೇ ನೀರು ಹೀರಿ ಊದುತ್ತವೆ, ಅಷ್ಟೆ. ಜೀವ ಇದೆಯೋ ಇಲ್ಲವೋ ತಿಳಿಯಬೇಕಾದರೆ ಕಾಳನ್ನು ಬಿಟ್ಟು ನೆನೆಸಿದ ನೀರನ್ನು ಪರೀಕ್ಷಿಸಬೇಕು. ಒಣಗಿದ ಕಾಳಿನಲ್ಲಿ ಕೋಶಗಳ ಪೊರೆ ಅಸ್ತವ್ಯಸ್ತವಾಗಿರುತ್ತದೆ. ನೀರು ತಾಗಿದ ಮೊದಲ ಹೊತ್ತಿನಲ್ಲಿ ಒಳಗಿನ ಸಕ್ಕರೆ, ಲವಣಗಳು ಹೊರಗೆ ಸೋರುತ್ತವೆ. ಗಟ್ಟಿ ಬೀಜ ಬೇಗ ಪೊರೆಯನ್ನು ಸರಿಪಡಿಸಿಕೊಂಡು ಸೋರಿಕೆ ನಿಲ್ಲಿಸುತ್ತದೆ. ಮುದಿ ಬೀಜ ಸೋರುತ್ತಲೇ ಇರುತ್ತದೆ. ಬೀಜ ಪರೀಕ್ಷೆ ಮಾಡುವವರು ನೆನೆಸಿದ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆದು ಬೀಜದ ಕಸುವು ಹೇಳುವುದು ಇದೇ ಆಧಾರದ ಮೇಲೆ. ನೀರಿಗೆ ಲವಣ ಹೆಚ್ಚು ಸೋರಿದ್ದರೆ ವಿದ್ಯುತ್ ಹೆಚ್ಚು ಹರಿಯುತ್ತದೆ, ಬೀಜ ಸಪ್ಪೆ ಎಂದು ಅರ್ಥ.

ಅಂದರೆ ಜೀವಕ್ಕೂ ನಿರ್ಜೀವಕ್ಕೂ ನಡುವಿನ ಗಡಿ ಈ ಪೊರೆ. ಅದರ ಬಗ್ಗೆ ನಮ್ಮ ತಲೆಯಲ್ಲಿ ಕೂತಿರುವ ತಪ್ಪುಗಳೂ ಕಡಿಮೆಯಿಲ್ಲ. ಕೆಲವನ್ನು ಶಾಲೆಯಿಂದಲೇ ಹೊತ್ತು ತಂದಿದ್ದೇವೆ.

“ಶಾಲೆಯಲ್ಲಿ ಉಳ್ಳಾಗಡ್ಡಿ ಸಿಪ್ಪೆಯಲ್ಲಿ ಕೋಶಪೊರೆ ನೋಡಿದ್ದೇನೆ”

ನೋಡಿಲ್ಲ. ನಾನೂ ನೋಡಿದ್ದೇನೆ ಎಂದೇ ಬಹಳ ವರ್ಷ ನಂಬಿದ್ದೆ. ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಕಾಣುವ ಗೆರೆಗಳು ಕೋಶಭಿತ್ತಿಯವು, ಅಂದರೆ ಸಸ್ಯಕೋಶದ ಹೊರಗಿನ ಸೆಲ್ಯುಲೋಸ್ ಗೋಡೆ. ಪೊರೆಯ ದಪ್ಪ 7ರಿಂದ 8 ನ್ಯಾನೋಮೀಟರ್. ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ತಲೆಗೂದಲಿನ ದಪ್ಪಕ್ಕೆ ಬಂದೀತು. ಶಾಲೆಯ ಸೂಕ್ಷ್ಮದರ್ಶಕಕ್ಕೆ ಅದು ನಿಲುಕುವುದಿಲ್ಲ.

ಆದರೆ ಅದು ಅಲ್ಲಿದೆ ಎಂದು ಕಣ್ಣಾರೆ ತಿಳಿಯಲು ಒಂದು ಉಪಾಯ ಉಂಟು. ಕೆಂಪು ಉಳ್ಳಾಗಡ್ಡಿಯ ಎಸಳಿನ ಹೊರಮೈಯಿಂದ, ಗುಲಾಬಿ ಬಣ್ಣ ಇರುವ ಕಡೆಯಿಂದ, ತೆಳ್ಳಗೆ ಸಿಪ್ಪೆ ಎಬ್ಬಿಸಿ ಗಾಜಿನ ಮೇಲಿಟ್ಟು, ತೆಳುಗಾಜು ಮುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಪ್ರತಿ ಚೌಕವೂ ಮೂಲೆ ಮೂಲೆಗೆ ಗುಲಾಬಿ ತುಂಬಿಕೊಂಡಿರುತ್ತದೆ. ಈಗ ತೆಳುಗಾಜಿನ ಅಂಚಿಗೆ ಉಪ್ಪುನೀರಿನ ಒಂದು ಹನಿ ಬಿಟ್ಟು, ಎದುರು ಅಂಚಿನಿಂದ ಕಾಗದದ ಚೂರಿನಲ್ಲಿ ಹೀರಿಸಿ. ನಿಮಿಷ ಎರಡು ನಿಮಿಷದಲ್ಲಿ ಗುಲಾಬಿ ಮೂಲೆಗಳನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ, ಕುಗ್ಗುತ್ತ ಕುಗ್ಗುತ್ತ ಗುಂಡಗಾಗುತ್ತದೆ. ಹೊರಗಿನ ಚೌಕಟ್ಟು ಮಾತ್ರ ಅಲ್ಲಾಡುವುದಿಲ್ಲ. ಗೋಡೆ ಉಪ್ಪುನೀರನ್ನು ತಡೆಯದೆ ಒಳಗೆ ಬಿಟ್ಟಿತು. ತಡೆದದ್ದು, ತಡೆದು ಕುಗ್ಗಿದ್ದು, ಕಾಣದ ಪೊರೆ. ಸಿಹಿನೀರು ಹಾಯಿಸಿದರೆ ಗುಲಾಬಿ ಮತ್ತೆ ಹರಡಿ ಮೂಲೆಗಳನ್ನು ತುಂಬುತ್ತದೆ. ಅದೇ ಸಿಪ್ಪೆಯನ್ನು ಕುದಿಯುವ ನೀರಿಗೆ ಹಾಕಿ ತೆಗೆದರೆ ಆಟ ಮುಗಿಯಿತು: ಪೊರೆ ಹಾಳಾಗಿ ಬಣ್ಣವೆಲ್ಲ ನೀರಿಗೆ ಇಳಿಯುತ್ತದೆ. ಗೋಡೆ ಆಗಲೂ ನಿಂತೇ ಇರುತ್ತದೆ.

“ಪೊರೆ ಒಂದು ಜರಡಿ: ಸಣ್ಣದು ಹಾಯುತ್ತದೆ, ದೊಡ್ಡದು ನಿಲ್ಲುತ್ತದೆ”

ಈ ಹೋಲಿಕೆಯನ್ನು ಮೊದಲು ಹೇಳಿಕೊಟ್ಟವರು ಯಾರೋ, ಬಿಡಿಸುವುದು ಬಹಳ ಕಷ್ಟ. ಸೋಡಿಯಂ ಅಯಾನು ಪುಟ್ಟದು, ಆದರೂ ಪೊರೆಯಲ್ಲಿ ಹಾಯಲಾರದು. ಅದಕ್ಕಿಂತ ಎಷ್ಟೋ ದೊಡ್ಡದಾದ ಸ್ಟಿರಾಯ್ಡ್ ಹಾರ್ಮೋನು ಸರಾಗವಾಗಿ ಹಾಯುತ್ತದೆ. ಅಳತೆಯೇ ಲೆಕ್ಕವಾಗಿದ್ದರೆ ಇದು ತಿರುವುಮುರುವು ಆಗಬೇಕಿತ್ತು.

ಪೊರೆ ಆಗಿರುವುದು ಜಿಡ್ಡಿನಿಂದ. ಫಾಸ್ಫೊಲಿಪಿಡ್ ಎಂಬ ಅಣುಗಳಿಗೆ ನೀರನ್ನು ಮೆಚ್ಚುವ ತಲೆ, ನೀರು ಕಂಡರಾಗದ ಎರಡು ಬಾಲ. ನೀರಿನಲ್ಲಿ ಬಿಟ್ಟರೆ ಅವು ತಾವೇ ಬಾಲಕ್ಕೆ ಬಾಲ ತಾಗಿಸಿ ಎರಡು ಪದರವಾಗಿ ಸಾಲು ಕಟ್ಟುತ್ತವೆ. ನಡುವೆ ಎಣ್ಣೆಯಂಥ ಭಾಗ ಉಳಿಯುತ್ತದೆ. ಎಣ್ಣೆಯಲ್ಲಿ ಬೆರೆಯುವಂಥದ್ದಕ್ಕೆ ದಾರಿ ಸುಲಭ. ಆಮ್ಲಜನಕ, ಇಂಗಾಲದ ಡೈಆಕ್ಸೈಡು ಹಾಗೇ ಹಾಯುತ್ತವೆ. ವಿದ್ಯುದಂಶ ಹೊತ್ತ ಉಪ್ಪಿನ ಅಯಾನುಗಳು, ನೀರನ್ನೇ ನೆಚ್ಚಿದ ಗ್ಲೂಕೋಸು ಎಣ್ಣೆಯ ಬಾಗಿಲಲ್ಲೇ ನಿಲ್ಲುತ್ತವೆ. ಅವಕ್ಕೆಂದೇ ಪೊರೆಯಲ್ಲಿ ಪ್ರೋಟೀನಿನ ದಾರಿಗಳಿವೆ. ನೀರಿಗೂ ಬೇರೆ ದಾರಿ ಇದೆ ಎಂದು ಪೀಟರ್ ಆಗ್ರೆ ತೋರಿಸಿದರು. ಅಕ್ವಾಪೊರಿನ್ ಎಂಬ ಆ ಕಾಲುವೆಗಾಗಿ ಅವರಿಗೆ 2003ರಲ್ಲಿ ನೊಬೆಲ್ ಬಂತು. ಈ ಪ್ರೋಟೀನುಗಳೂ ಮೊಳೆ ಹೊಡೆದಂತೆ ಒಂದೇ ಕಡೆ ಇರುವುದಿಲ್ಲ. ಹೆಚ್ಚಿನವು ಜಿಡ್ಡಿನ ಹಾಳೆಯಲ್ಲಿ ತೇಲಾಡುತ್ತವೆ. ವಿಜ್ಞಾನಿಗಳಾದ ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಕೊಟ್ಟ ಚಿತ್ರ ಇದು.

“ನೀರು ಬಿಟ್ಟರೆ ಪೈರು ಬದುಕುತ್ತದೆ”

ಸಿರುಗುಪ್ಪ ಕಡೆ ಕಾಲುವೆಯ ಕೊನೆ ಭಾಗದ ಭತ್ತದ ಗದ್ದೆಗಳಲ್ಲಿ ನಿಂತರೆ ಈ ಮಾತು ಎಷ್ಟು ಅರ್ಧಸತ್ಯ ಎಂದು ಗೊತ್ತಾಗುತ್ತದೆ. “ನೀರು ಐತ್ರೀ, ಆದ್ರೂ ಬೆಳಿ ಒಣಗಾಕತ್ತೈತಿ” ಎಂದು ರೈತರು ಹೇಳುವುದು ಒಗಟಲ್ಲ. ತುಂಗಭದ್ರಾ ಅಣೆಕಟ್ಟಿನ ನೀರು 1953ರ ಈಚೆಗೆ ಕಪ್ಪು ನೆಲಕ್ಕೆ ಹರಿಯಿತು. ಬಸಿದು ಹೋಗಲು ದಾರಿ ಇಲ್ಲದ ಕಡೆ ಅಂತರ್ಜಲ ಮೇಲೆ ಬಂತು. ಕೆಳಗಿನ ಲವಣ ನೀರಿನ ಜೊತೆ ಏರಿತು, ನೀರು ಬಿಸಿಲಿಗೆ ಆರಿತು, ಲವಣ ಮೇಲೆಯೇ ಬಿಳಿ ಹಪ್ಪಳದಂತೆ ಉಳಿಯಿತು. ನಮ್ಮವರು ಇದನ್ನು ಸವುಳು ಅನ್ನುತ್ತಾರೆ. ನೀರು ನಿಂತು ಕೆಟ್ಟ ನೆಲ ಜವುಳು. ಎರಡೂ ಜೊತೆಜೊತೆಗೇ ಬರುವುದರಿಂದ ‘ಸವುಳು-ಜವುಳು’ ಎಂದು ಒಂದೇ ಉಸಿರಿನಲ್ಲಿ ಬರುವ ಮಾತಾಗಿದೆ.

ಬೇರಿನ ಹೊರಗೆ ಲವಣ ಹೆಚ್ಚಾದಾಗ ಉಳ್ಳಾಗಡ್ಡಿ ಸಿಪ್ಪೆಯ ಕಥೆಯೇ ಇಲ್ಲೂ ಶುರುವಾಗುತ್ತದೆ. ನೀರು ತೆಳು ದ್ರಾವಣದಿಂದ ಸಾಂದ್ರ ದ್ರಾವಣದ ಕಡೆಗೆ ಪೊರೆ ದಾಟುತ್ತದೆ. ಅಭಿಸರಣೆ ಎಂದು ಪಠ್ಯಪುಸ್ತಕ ಹೇಳುವುದು ಇದನ್ನೇ. ಸಾಮಾನ್ಯ ನೆಲದಲ್ಲಿ ಬೇರಿನ ಒಳಗೇ ಸಾಂದ್ರತೆ ಹೆಚ್ಚು, ನೀರು ಒಳಕ್ಕೆ ಬರುತ್ತದೆ. ಸವುಳು ನೆಲದಲ್ಲಿ ಆ ಅಂತರ ಕಡಿಮೆಯಾಗುತ್ತದೆ, ಅತಿಯಾದರೆ ತಿರುವುಮುರುವೂ ಆಗುತ್ತದೆ. ಕಾಲಿನ ತನಕ ನೀರು ನಿಂತಿದ್ದರೂ ಪೈರಿಗೆ ಬರಗಾಲ. ಭತ್ತವಂತೂ ಉಪ್ಪಿಗೆ ನಾಜೂಕು: ಮಣ್ಣಿನ ರಸದ ವಿದ್ಯುತ್ ವಾಹಕತೆ ಮೀಟರಿಗೆ ಸುಮಾರು 3 ಡೆಸಿಸೀಮೆನ್ಸ್ ದಾಟಿದರೆ ಇಳುವರಿ ಇಳಿಯತೊಡಗುತ್ತದೆ.

ಬಸಿಗಾಲುವೆ ಇಲ್ಲದೆ ಇನ್ನಷ್ಟು ನೀರು ಬಿಟ್ಟರೆ ಅಂತರ್ಜಲ ಇನ್ನೂ ಮೇಲೆ ಬರುತ್ತದೆ, ಸವುಳು ಹೆಚ್ಚುತ್ತದೆ. ಲವಣ ತೊಳೆಯಲು ನೀರು ಬೇಕೇ ಬೇಕು, ಆದರೆ ತೊಳೆದ ನೀರು ಹೊರಗೆ ಹೋಗಬೇಕು. ಎಲ್ಲ ಭತ್ತವೂ ಒಂದೇ ಥರ ಸೋಲುವುದಿಲ್ಲ ಅನ್ನುವುದೂ ನಿಜ. ಕುಮಟಾ ಕಡೆಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ ಕೆಲವು ಭತ್ತದ ತಳಿಗಳಲ್ಲಿ ಬೇರಿನ ಪೊರೆಯ ಒಂದು ಪ್ರೋಟೀನು, ಎಲೆಗೆ ಏರುವ ರಸದಿಂದ ಸೋಡಿಯಂ ಅನ್ನು ಹೆಕ್ಕಿ ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

“ಯೂರಿಯಾದ ಉಷ್ಣಕ್ಕೆ ಬೆಳೆ ಸುಟ್ಟಿತು” ಎಂಬುದೂ ಇದೇ ಕಥೆಯ ತುಂಡು. ಯೂರಿಯಾದಲ್ಲಿ ಉಷ್ಣ ಎಲ್ಲಿಂದ ಬರಬೇಕು? ನೀರಿಗೆ ಹಾಕಿ ಕೈ ಅದ್ದಿದರೆ ತಣ್ಣಗಾಗುತ್ತದೆ! ಒಂದೇ ಕಡೆ ಸುರಿದ ಗೊಬ್ಬರ ಮಣ್ಣಿನ ನೀರನ್ನು ಅತಿ ಸಾಂದ್ರ ಮಾಡಿ ಬೇರಿನ ನೀರನ್ನು ಸೆಳೆಯುತ್ತದೆ, ಅದರಿಂದ ಬಿಡುಗಡೆಯಾಗುವ ಅಮೋನಿಯಾ ಬೇರನ್ನು ಹಾಳುಮಾಡುತ್ತದೆ. ಎಲೆಯ ತುದಿ ಒಣಗಿ ಕಂದಾಗಿ ಸುಟ್ಟಂತೆ ಕಾಣುತ್ತದೆ, ಅಷ್ಟೇ.

“ಓಆರ್‌ಎಸ್‌ನಲ್ಲಿ ಸಕ್ಕರೆ ಇರುವುದು ಶಕ್ತಿಗಾಗಿ”

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ತಮಾಷೆ ಮಾಡುವ ನಮಗೆ ಓಆರ್‌ಎಸ್, ಅಂದರೆ ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ನೀರು, ಪರಿಚಯದ ವಸ್ತು. ಅದರ ಸಕ್ಕರೆಯ ಬಗ್ಗೆ ಮಾತ್ರ ತಪ್ಪು ಎಣಿಕೆ. ಹೋದ ಶಕ್ತಿ ಬರಲೆಂದು ಇನ್ನೆರಡು ಚಮಚ ಸಕ್ಕರೆ ಸೇರಿಸುವವರನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ! ಇನ್ನು ಕೆಲವರದು ಅದಕ್ಕೂ ಹಳೆಯ ನಂಬಿಕೆ: ಭೇದಿಯಾದಾಗ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ, ಕೊಡಬೇಡಿ.

ಕರುಳಿನ ಗೋಡೆಯ ಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನು ಇದೆ. ಒಂದು ಗ್ಲೂಕೋಸ್ ಅಣುವನ್ನು ಒಳಗೆ ಬಿಡಬೇಕಾದರೆ ಜೊತೆಗೆ ಎರಡು ಸೋಡಿಯಂ ಅಯಾನು ಬರಬೇಕು. ಜೋಡಿ ಇಲ್ಲದಿದ್ದರೆ ಬಾಗಿಲು ತಿರುಗುವುದಿಲ್ಲ. ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಈ ಜೋಡಿ ಸಾಗಣೆಯನ್ನು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು. ಉಪ್ಪು ಮತ್ತು ಸಕ್ಕರೆ ಒಳಗೆ ಹೋದರೆ ಅವುಗಳ ಹಿಂದೆ ನೀರೂ ಹೋಗುತ್ತದೆ. ಹಾಗಾಗಿ ಓಆರ್‌ಎಸ್‌ನ ಸಕ್ಕರೆ ಉಪ್ಪನ್ನು ಒಳಗೆ ಕರೆದೊಯ್ಯುವ ಜೊತೆಗಾರ. ಕಾಲರಾ ವಿಷ ಕರುಳಿನಿಂದ ನೀರು ಹೊರಹರಿಯುವಂತೆ ಮಾಡುತ್ತದೆ, ಆದರೆ ಈ ಬಾಗಿಲನ್ನು ಮುಚ್ಚಲಾರದು. ಭೇದಿ ನಡೆಯುತ್ತಿರುವಾಗಲೇ ಕುಡಿದ ನೀರು ಒಳಗೆ ಸೇರುವುದು ಅದರಿಂದಲೇ.

1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ನರಕ್ಕೆ ಏರಿಸುವ ದ್ರವ ಮುಗಿದುಹೋಯಿತು. ವೈದ್ಯ ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಅಳೆದು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ರೋಗಿಗಳ ಮನೆಯವರಿಂದಲೇ ಕುಡಿಸಿದರು. ಸುಮಾರು 30 ಪ್ರತಿಶತ ಇದ್ದ ಸಾವು 4 ಪ್ರತಿಶತಕ್ಕಿಂತ ಕೆಳಗೆ ಇಳಿಯಿತು.

ಸಕ್ಕರೆ ಹೆಚ್ಚಿಸಿದರೆ ಏನಾಗುತ್ತದೆ? ಬಾಗಿಲಿಗೆ ಒಂದು ಮಿತಿ ಇದೆ. ಉಳಿದ ಸಕ್ಕರೆ ಕರುಳಿನೊಳಗೇ ನಿಂತು ಸವುಳು ನೆಲದ ಲವಣದಂತೆ ಮೈಯ ನೀರನ್ನು ತನ್ನ ಕಡೆ ಸೆಳೆಯುತ್ತದೆ. ಭೇದಿ ಜಾಸ್ತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಅಳತೆಯಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಬಾಟಲಿಯ ತಂಪುಪಾನೀಯದಲ್ಲಿ ಲೀಟರಿಗೆ ಸಾಮಾನ್ಯವಾಗಿ 100 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಉಪ್ಪು ಹೆಸರಿಗೆ ಮಾತ್ರ. ಅದನ್ನು ಭೇದಿಯಾದ ಮಗುವಿಗೆ ಕೊಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಗೋಪುರ ಮಾಡದೆ ಸಮತಟ್ಟಾಗಿ ತೆಗೆದು ಹಾಕಿ. ನಮ್ಮ ಮನೆಯ ಸಕ್ಕರೆ ಕರುಳಿನಲ್ಲಿ ಒಡೆದರೆ ಅರ್ಧ ಮಾತ್ರ ಗ್ಲೂಕೋಸ್ ಆಗುವುದರಿಂದ ಈ ಅಳತೆ. ಮಗು ಮಂಕಾಗಿದ್ದರೆ, ಕುಡಿಯದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ಮನೆಮದ್ದಿನ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಬೇಕು.

ಇಷ್ಟೆಲ್ಲ ಸಾಗಣೆ ಪುಕ್ಕಟೆಯಲ್ಲ. ಒಳಗೆ ಬಂದ ಸೋಡಿಯಂ ಅನ್ನು ಹೊರಹಾಕಲು ಕೋಶದಲ್ಲಿ ಒಂದು ಪಂಪು ಸದಾ ನಡೆಯುತ್ತದೆ. ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಅದನ್ನು 1957ರಲ್ಲಿ ಕಂಡುಹಿಡಿದ ಯೆನ್ಸ್ ಸ್ಕೌ ಅವರಿಗೆ ನೊಬೆಲ್ ಸಿಕ್ಕಿದ್ದು ನಲವತ್ತು ವರ್ಷ ಕಾದ ಮೇಲೆ.

“ಖಾರ ಬಾಯಿ ಸುಡುತ್ತದೆ, ನೀರು ಕುಡಿದರೆ ಆರುತ್ತದೆ”

ಒಗ್ಗರಣೆ ಮಂಡಕ್ಕಿ ಜೊತೆ ಬಿಸಿ ಮಿರ್ಚಿ ಕಚ್ಚಿ ಲೋಟಗಟ್ಟಲೆ ನೀರು ಕುಡಿಯುವುದು ನಮ್ಮ ಊರಿನ ದಿನನಿತ್ಯದ ನೋಟ. ಖಾರಕ್ಕೆ ಏನನ್ನೂ ಸುಡುವ ಶಕ್ತಿ ಇಲ್ಲ. ನಾಲಿಗೆಯ ನರಗಳ ಪೊರೆಯಲ್ಲಿ ಶಾಖಕ್ಕೆಂದೇ ಒಂದು ಕಾಲುವೆ ಇದೆ, ಸುಮಾರು 43 ಡಿಗ್ರಿ ಮೇಲಿನ ಬಿಸಿಗೆ ತೆರೆಯುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಬೆರೆಯುವಂಥದ್ದು. ಅದು ಪೊರೆಯ ಜಿಡ್ಡಿನಲ್ಲಿ ಸಲೀಸಾಗಿ ಇಳಿದು, ಒಳಮಗ್ಗುಲಿನಿಂದ ಆ ಕಾಲುವೆಯನ್ನು ತೆರೆಯುತ್ತದೆ. ಬಿಸಿ ಇಲ್ಲದಿದ್ದರೂ ಮಿದುಳಿಗೆ ‘ಸುಡುತ್ತಿದೆ’ ಎಂಬ ಸುದ್ದಿ ಮುಟ್ಟುತ್ತದೆ. ಈ ಕಾಲುವೆಯನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಎಣ್ಣೆಯಂಥ ವಸ್ತುವನ್ನು ನೀರು ತೊಳೆಯುವುದಿಲ್ಲ, ಬಾಯಿತುಂಬ ಹರಡುತ್ತದೆ. ಹಾಲು, ಮೊಸರಾದರೆ ಅದನ್ನು ಹಿಡಿದು ಒಯ್ಯುತ್ತವೆ.

ಸಿರುಗುಪ್ಪ, ಕುರುಗೋಡು ಕಡೆಯ ಮೆಣಸಿನಕಾಯಿ ಹೊಲಗಳಲ್ಲಿ ಗಿಳಿಗಳು ಹಣ್ಣು ಮೆಣಸಿನಕಾಯಿಯನ್ನು ಹಾಗೇ ಕುಕ್ಕಿ ತಿನ್ನುವುದನ್ನು ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಗಿಳಿಯ ನಾಲಿಗೆ ದಪ್ಪ ಎಂದು ಹಿರಿಯರು ಸಮಜಾಯಿಷಿ ಕೊಡುತ್ತಾರೆ. ದಪ್ಪದ ಮಾತಲ್ಲ ಅದು. ಹಕ್ಕಿಯ ನರಗಳ ಪೊರೆಯಲ್ಲೂ ಅದೇ ಕಾಲುವೆ ಇದೆ, ಬಿಸಿ ತಾಗಿದರೆ ತೆರೆಯುತ್ತದೆ. ಅದರ ಕಟ್ಟಣೆಯಲ್ಲಿ ಚೂರು ವ್ಯತ್ಯಾಸ ಇರುವುದರಿಂದ ಕ್ಯಾಪ್ಸೈಸಿನ್‌ಗೆ ಮಾತ್ರ ತೆರೆಯುವುದಿಲ್ಲ. ನಾವು ಕಣ್ಣಲ್ಲಿ ನೀರು ತುಂಬಿಕೊಂಡು ಮೊಸರು ಹುಡುಕುವಷ್ಟರಲ್ಲಿ ಗಿಳಿ ಇನ್ನೊಂದು ಗಿಡಕ್ಕೆ ಹಾರಿರುತ್ತದೆ.