ಉಪವಾಸವೂ ಬಡವರ ಪಾಲೂ: ಇಸ್ಲಾಂ ಧರ್ಮದ ಎರಡು ಕರ್ತವ್ಯಗಳು



ಪ್ರತಿವರ್ಷ ವಿಭೂತಿ ಬುಧವಾರದ ಪೂಜೆಯಲ್ಲಿ ನಾವು ಆಲಿಸುವುದು ಸಂತ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯವನ್ನು. ದಾನಧರ್ಮ, ಪ್ರಾರ್ಥನೆ, ಉಪವಾಸ ಈ ಮೂರನ್ನು ಹೇಗೆ ಆಚರಿಸಬೇಕೆಂದು ಪ್ರಭು ಯೇಸು ಅಲ್ಲಿ ತಿಳಿಸುತ್ತಾರೆ. ಇವನ್ನು ಮಾಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನೇ ಅವರು ಎತ್ತುವುದಿಲ್ಲ. ನೀವು ಮಾಡಿಯೇ ಮಾಡುತ್ತೀರಿ ಎಂಬ ನಂಬಿಕೆಯಿಂದಲೇ ಮಾತು ಆರಂಭಿಸುತ್ತಾರೆ.

2025ರಲ್ಲಿ ವಿಭೂತಿ ಬುಧವಾರ ಮಾರ್ಚ್ 5ರಂದು ಬಂದಿತು. ನಮ್ಮ ಮುಸ್ಲಿಂ ನೆರೆಹೊರೆಯವರ ರಂಜಾನ್ ಉಪವಾಸವೂ ಆ ವಾರದಲ್ಲೇ ಆರಂಭವಾಯಿತು. 2026ರಲ್ಲೂ ಹಾಗೆಯೇ: ವಿಭೂತಿ ಬುಧವಾರ ಫೆಬ್ರವರಿ 18ರಂದು, ರಂಜಾನ್ ಆರಂಭವೂ ಅದೇ ವಾರದಲ್ಲಿ. ಒಂದೇ ಬೀದಿಯಲ್ಲಿ ಒಂದು ಮನೆಯವರು ಹಣೆಗೆ ವಿಭೂತಿ ಇಟ್ಟುಕೊಂಡು ಬಂದರು, ಪಕ್ಕದ ಮನೆಯವರು ಸೂರ್ಯ ಹುಟ್ಟುವ ಮೊದಲೇ ಎದ್ದು ಉಂಡು ಉಪವಾಸ ಹಿಡಿದರು. ಇಂಥ ಸಮಯದಲ್ಲಿ ಶಾಲೆಯಿಂದ ಬಂದ ಮಗು, "ಅಮ್ಮಾ, ನನ್ನ ಗೆಳೆಯ ನೀರು ಸಹ ಕುಡಿಯಲಿಲ್ಲ, ಅವರು ಯಾಕೆ ಹಾಗೆ ಮಾಡುತ್ತಾರೆ?" ಎಂದು ಕೇಳಿದರೆ ನಾವೇನು ಉತ್ತರ ಕೊಡುತ್ತೇವೆ? "ಅದು ಅವರ ಪದ್ಧತಿ" ಎಂದು ಹೇಳಿ ಸುಮ್ಮನಾಗುತ್ತೇವೆಯೇ?

ಧರ್ಮಸಭೆ ಅಷ್ಟಕ್ಕೇ ಸುಮ್ಮನಾಗಿಲ್ಲ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕ್ರೈಸ್ತೇತರ ಧರ್ಮಗಳ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಮುಸ್ಲಿಮರನ್ನು ಗೌರವದಿಂದ ಕಾಣಬೇಕೆಂದು ತಿಳಿಸಿದೆ. ಅವರು ಏಕ ದೇವರನ್ನು ಮುಖ್ಯವಾಗಿ ಪ್ರಾರ್ಥನೆ, ದಾನ ಮತ್ತು ಉಪವಾಸಗಳ ಮೂಲಕ ಆರಾಧಿಸುತ್ತಾರೆಂದು ಅದೇ ಘೋಷಣೆ ನೆನಪಿಸುತ್ತದೆ. ವಿಭೂತಿ ಬುಧವಾರದ ಶುಭಸಂದೇಶದ ಮೂರು ಸಾಧನೆಗಳೂ ಇವೇ ಅಲ್ಲವೇ? ಇವುಗಳಲ್ಲಿ ಉಪವಾಸ ಮತ್ತು ದಾನ ಇಸ್ಲಾಂ ಧರ್ಮದಲ್ಲಿ ಹೇಗೆ ಕರ್ತವ್ಯಗಳಾಗಿವೆ, ಅವುಗಳಿಂದ ನಾವೇನು ಕಲಿಯಬಹುದು ಎಂಬುದನ್ನು ಈಗ ನೋಡೋಣ.

ಹಸಿವಿನ ತಿಂಗಳು

ಇಸ್ಲಾಂ ಧರ್ಮಕ್ಕೆ ಐದು ಆಧಾರಸ್ತಂಭಗಳು: ವಿಶ್ವಾಸದ ಘೋಷಣೆ, ದಿನಕ್ಕೆ ಐದು ಸಲದ ನಮಾಜ್, ಝಕಾತ್, ರಂಜಾನ್ ತಿಂಗಳ ಉಪವಾಸ, ಮತ್ತು ಶಕ್ತಿಯುಳ್ಳವರು ಜೀವನದಲ್ಲಿ ಒಮ್ಮೆ ಮಾಡಬೇಕಾದ ಹಜ್ ಯಾತ್ರೆ.

ಪ್ರವಾದಿ ಮುಹಮ್ಮದರು ಮಕ್ಕಾ ನಗರದಿಂದ ಮದೀನಾಕ್ಕೆ ವಲಸೆ ಹೋದದ್ದು 622ರಲ್ಲಿ. ಎರಡು ವರ್ಷಗಳ ನಂತರ, 624ರಲ್ಲಿ, ರಂಜಾನ್ ಉಪವಾಸ ಕಡ್ಡಾಯವಾಯಿತು. ಕುರ್‌ಆನಿನ ಎರಡನೆಯ ಅಧ್ಯಾಯ ಇದನ್ನು ವಿಧಿಸುವಾಗ, ನಿಮಗಿಂತ ಮುಂಚಿನವರಿಗೂ ಉಪವಾಸ ವಿಧಿಸಲಾಗಿತ್ತು ಎಂದು ಹೇಳುತ್ತದೆ. ಭಾಷೆಯಲ್ಲಿಯೂ ಈ ನಂಟು ಉಳಿದಿದೆ. ಉಪವಾಸಕ್ಕೆ ಅರಬ್ಬಿ ಭಾಷೆಯಲ್ಲಿ 'ಸೌಮ್' ಎನ್ನುತ್ತಾರೆ. ನಮ್ಮ ಪೂರ್ವದೇಶದ ಕ್ರೈಸ್ತರ ಸುರಿಯಾನಿ ಭಾಷೆಯಲ್ಲಿ ಅದು 'ಸೌಮಾ'. ನಮ್ಮ ನಾಡಿನ ಮುಸ್ಲಿಮರು ಹೆಚ್ಚಾಗಿ ಬಳಸುವ 'ರೋಜಾ' ಪಾರಸಿ ಮಾತು.

ರಂಜಾನ್ ತಿಂಗಳ 29 ಅಥವಾ 30 ದಿನಗಳಲ್ಲಿ ನಸುಕು ಹರಿದಾಗಿನಿಂದ ಸೂರ್ಯಾಸ್ತದವರೆಗೆ ಅನ್ನ, ನೀರು, ಧೂಮಪಾನ, ದಾಂಪತ್ಯ ಸುಖ ಎಲ್ಲವನ್ನೂ ಬಿಡಬೇಕು. ನಸುಕಿಗೆ ಮುಂಚಿನ ಊಟ 'ಸಹರಿ'. ಸಂಜೆ ಖರ್ಜೂರ, ನೀರು ಸೇವಿಸಿ ಉಪವಾಸ ಬಿಡುವುದು 'ಇಫ್ತಾರ್'. ಚಾಂದ್ರಮಾನದ ತಿಂಗಳಾದ್ದರಿಂದ ರಂಜಾನ್ ಪ್ರತಿವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಹೀಗೆ ಸುಮಾರು 33 ವರ್ಷಗಳಲ್ಲಿ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬಾಲ್ಯದಲ್ಲಿ ಚಳಿಗಾಲದ ಉಪವಾಸ ಕಂಡವರು ನಡುವಯಸ್ಸಿನಲ್ಲಿ ಸುಡುಬೇಸಿಗೆಯ ಉಪವಾಸವನ್ನೂ ಕಾಣುತ್ತಾರೆ.

ಈ ನಿಯಮ ಕಠಿಣವಾದರೂ ಕರುಣೆ ಇಲ್ಲದ್ದಲ್ಲ. ರೋಗಿಗಳು ಮತ್ತು ಪ್ರಯಾಣಿಕರು ಬಿಟ್ಟ ದಿನಗಳನ್ನು ಆಮೇಲೆ ತುಂಬಿಕೊಡಬಹುದು. ಗರ್ಭಿಣಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ ವಿನಾಯಿತಿಯುಂಟು. ಎಳೆಯ ಮಕ್ಕಳಿಗೆ ಕಡ್ಡಾಯವಿಲ್ಲ. ಮುಪ್ಪಿನಿಂದಲೋ ವಾಸಿಯಾಗದ ಕಾಯಿಲೆಯಿಂದಲೋ ಉಪವಾಸ ಮಾಡಲು ಆಗದವರು ಬಿಟ್ಟ ಪ್ರತಿಯೊಂದು ದಿನಕ್ಕೂ ಒಬ್ಬ ಬಡವರಿಗೆ ಊಟ ಕೊಡಬೇಕು. ಉಪವಾಸದ ಕೆಲವು ಗಂಭೀರ ಉಲ್ಲಂಘನೆಗಳಿಗೆ ಹೇಳಿರುವ ಪ್ರಾಯಶ್ಚಿತ್ತಗಳಲ್ಲಿ 60 ಬಡವರಿಗೆ ಉಣಿಸುವುದೂ ಒಂದು. ಅಂದರೆ, ಉಪವಾಸ ಸಾಧ್ಯವಾಗದ ಕಡೆ ಬಡವನ ಊಟ ಬಂದು ನಿಲ್ಲುತ್ತದೆ. ನಾನು ಬಿಡಬೇಕಾದ ತುತ್ತಿಗೂ ಇನ್ನೊಬ್ಬನಿಗೆ ಸಿಗಬೇಕಾದ ತುತ್ತಿಗೂ ಸಂಬಂಧವಿದೆ ಎಂಬುದು ಇದರ ಅರ್ಥ.

ಬಾಯಿ ಕಟ್ಟಿದರೆ ಸಾಲದು ಎಂಬುದನ್ನೂ ಅವರ ಪರಂಪರೆ ಕಲಿಸುತ್ತದೆ. ಸುಳ್ಳು ಮಾತು ಮತ್ತು ಸುಳ್ಳು ನಡತೆಯನ್ನು ಬಿಡದವನು ಅನ್ನನೀರು ಬಿಡುವುದರಿಂದ ದೇವರಿಗೆ ಆಗಬೇಕಾದ್ದೇನೂ ಇಲ್ಲ ಎಂಬ ಅರ್ಥದ ಪ್ರವಾದಿವಚನವೊಂದು ಹದೀಸ್ ಸಂಗ್ರಹಗಳಲ್ಲಿದೆ. ಪ್ರವಾದಿ ಯೆಶಾಯನ 58ನೆಯ ಅಧ್ಯಾಯವನ್ನು ಓದಿದವರಿಗೆ ಈ ಮಾತು ಅಪರಿಚಿತವೆನಿಸದು. ರಂಜಾನ್ ಎಂದರೆ ಬೆಂಗಳೂರಿನ ಫ್ರೇಜರ್ ಟೌನಿನಂಥ ಬಡಾವಣೆಗಳಲ್ಲಿ ಸಂಜೆ ಸಿಗುವ ಸಮೋಸ, ಹಲೀಮು ಎಂದಷ್ಟೇ ತಿಳಿದವರು, ಆ ಸಂಜೆಗೆ ಮುಂಚಿನ ಇಡೀ ಹಗಲನ್ನು ನೆನೆಯಬೇಕು.

ಕೊಡುವುದಲ್ಲ, ಸಲ್ಲಿಸುವುದು

ಹಳೆಯ ತಲೆಮಾರಿನವರಿಗೆ 'ಜಕಾತಿ' ಎಂಬ ಮಾತು ಗೊತ್ತು. ಊರೊಳಗೆ ಸರಕು ತರುವವರಿಂದ ವಸೂಲು ಮಾಡುತ್ತಿದ್ದ ಸುಂಕ ಅದು. ಆ ಮಾತು ಬಂದದ್ದು 'ಝಕಾತ್' ಎಂಬ ಅರಬ್ಬಿ ಪದದಿಂದ. ಮೂಲದಲ್ಲಿ ಅದಕ್ಕೆ ಶುದ್ಧಿ, ವೃದ್ಧಿ ಎಂಬ ಅರ್ಥಗಳಿವೆ. ಬಡವರ ಪಾಲನ್ನು ತೆಗೆದಿಟ್ಟಾಗ ಉಳಿದ ಸಂಪತ್ತು ಶುದ್ಧವಾಗುತ್ತದೆ ಎಂಬುದು ಅವರ ವಿಶ್ವಾಸ.

ಮನಸ್ಸು ಬಂದಾಗ ಮನಬಂದಷ್ಟು ಕೊಡುವ ದಾನಕ್ಕೆ 'ಸದಕಾ' ಎನ್ನುತ್ತಾರೆ. ಝಕಾತ್ ಹಾಗಲ್ಲ. ಅದಕ್ಕೆ ಲೆಕ್ಕವಿದೆ. ಸುಮಾರು 85 ಗ್ರಾಂ ಚಿನ್ನ ಅಥವಾ ಸುಮಾರು 600 ಗ್ರಾಂ ಬೆಳ್ಳಿಯ ಬೆಲೆಯನ್ನು ಮುಟ್ಟುವ ಸಂಪತ್ತು ಚಾಂದ್ರಮಾನದ ಒಂದು ವರ್ಷ ಕೈಯಲ್ಲಿದ್ದರೆ ಅದರ 40ನೆಯ ಒಂದು ಭಾಗ, ಅಂದರೆ ನೂರಕ್ಕೆ ಎರಡೂವರೆ, ಸಲ್ಲಿಸಬೇಕು. ಒಂದು ಲಕ್ಷ ರೂಪಾಯಿ ಉಳಿತಾಯಕ್ಕೆ 2,500 ರೂಪಾಯಿ, ನಾಲ್ಕು ಲಕ್ಷಕ್ಕೆ 10,000 ರೂಪಾಯಿ. ವಾಸದ ಮನೆ, ಉಡುವ ಬಟ್ಟೆ, ಕಸುಬಿನ ಉಪಕರಣಗಳು ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿಯ ಮಾರಾಟದ ಸರಕು ಬರುತ್ತದೆ. ಮಳೆನೀರಿನಿಂದ ಬೆಳೆದ ಬೆಳೆಗೆ ಹತ್ತರಲ್ಲಿ ಒಂದು ಪಾಲು. ದುಡಿದು ನೀರು ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ರೈತನ ಬೆವರನ್ನೂ ಈ ಲೆಕ್ಕ ಮರೆತಿಲ್ಲ.

ಪಂಥಗಳ ನಡುವೆ ವ್ಯತ್ಯಾಸಗಳೂ ಇವೆ. ನಮ್ಮ ರಾಜ್ಯದ ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿ ಪಂಥದವರು ಹೆಂಗಸರು ಧರಿಸುವ ಚಿನ್ನದ ಒಡವೆಗಳಿಗೂ ಝಕಾತ್ ಲೆಕ್ಕ ಹಾಕುತ್ತಾರೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪಂಥದಲ್ಲಿ ವಾಡಿಕೆಯ ಮಿತಿಯಲ್ಲಿ ಧರಿಸುವ ಒಡವೆಗಳಿಗೆ ಸಾಮಾನ್ಯವಾಗಿ ವಿನಾಯಿತಿಯಿದೆ.

ಈ ಹಣ ಯಾರಿಗೆ ಸಲ್ಲಬೇಕು? ಕುರ್‌ಆನಿನ ಒಂಬತ್ತನೆಯ ಅಧ್ಯಾಯ ಎಂಟು ವರ್ಗಗಳನ್ನು ಹೇಳುತ್ತದೆ: ಬಡವರು, ನಿರ್ಗತಿಕರು, ಝಕಾತ್ ಸಂಗ್ರಹಿಸಿ ಹಂಚುವವರು, ಮನವೊಲಿಸಬೇಕಾದವರು, ದಾಸ್ಯದಿಂದ ಬಿಡುಗಡೆಯಾಗಬೇಕಾದವರು, ಸಾಲದಲ್ಲಿ ಮುಳುಗಿದವರು, ದೇವರ ಮಾರ್ಗದಲ್ಲಿರುವವರು, ಮತ್ತು ದಾರಿಯಲ್ಲಿ ಕಷ್ಟಕ್ಕೆ ಸಿಕ್ಕಿದ ಪ್ರಯಾಣಿಕರು. ಹೆತ್ತವರಿಗೂ ಮಕ್ಕಳಿಗೂ ಕೊಟ್ಟು ಅದನ್ನು ಝಕಾತ್ ಎಂದು ಹೇಳುವಂತಿಲ್ಲ, ಏಕೆಂದರೆ ಅವರನ್ನು ಸಾಕುವುದು ಹೇಗೂ ನಮ್ಮ ಹೊಣೆ. ಮಸೀದಿ ಕಟ್ಟಲು ಸಹ ಇದನ್ನು ಬಳಸಬಾರದೆಂಬುದು ಹೆಚ್ಚಿನ ಪಂಡಿತರ ಅಭಿಪ್ರಾಯ. ಕಟ್ಟಡಕ್ಕೆ ಬೇರೆ ಕಾಣಿಕೆ ಎತ್ತಿಕೊಳ್ಳಬಹುದು, ಬಡವರ ಪಾಲಿಗೆ ಕೈಹಾಕಬಾರದು.

ಇದರ ಹಿಂದಿರುವ ವಿಚಾರವೇ ಎಲ್ಲಕ್ಕಿಂತ ಮುಖ್ಯವಾದದ್ದು. ಉಳ್ಳವರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆ ಎನ್ನುತ್ತದೆ ಕುರ್‌ಆನ್. ಹಕ್ಕು ಎಂದ ಮೇಲೆ ಅದು ಉಪಕಾರವಲ್ಲ, ಬಾಕಿ. ಬಾಕಿ ತೀರಿಸಿದವನು ಬೀಗುವುದಿಲ್ಲ, ಪಡೆದವನೂ ತಲೆ ತಗ್ಗಿಸಬೇಕಾಗಿಲ್ಲ. ಆದ್ದರಿಂದಲೇ ಕೊಟ್ಟದ್ದನ್ನು ಎತ್ತಿಯಾಡಿ ನೋಯಿಸಿದರೆ ದಾನವೇ ವ್ಯರ್ಥವೆಂದು ಅದೇ ಗ್ರಂಥ ಎಚ್ಚರಿಸುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವವನನ್ನು ಪ್ರವಾದಿ ಮುಹಮ್ಮದರು ಹೊಗಳಿದರೆಂದು ಹದೀಸ್ ಸಂಗ್ರಹಗಳಲ್ಲಿದೆ. ಬೆಟ್ಟದ ಮೇಲಿನ ಪ್ರಬೋಧನೆಯಲ್ಲಿ ನಮ್ಮ ಪ್ರಭು ಕಲಿಸಿದ್ದೂ ಇದನ್ನೇ.

ಹಬ್ಬದ ದಿನ ಯಾರೂ ಹಸಿದಿರಬಾರದು

ಉಪವಾಸ, ದಾನ ಈ ಎರಡೂ ಕೂಡುವುದು ರಂಜಾನಿನ ಕೊನೆಯಲ್ಲಿ. ಈದ್ ದಿನದ ನಮಾಜಿಗೆ ಮುಂಚೆ ಪ್ರತಿಯೊಂದು ಕುಟುಂಬವೂ 'ಫಿತ್ರ' ಎಂಬ ದಾನ ಸಲ್ಲಿಸಬೇಕು. ತಲೆಗೆ ಒಂದು 'ಸಾಅ್' ಅಳತೆಯ ಧಾನ್ಯ. ಇಂದಿನ ತೂಕದಲ್ಲಿ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಕಿಲೋ. ಹನಫಿ ಪಂಥದಲ್ಲಿ ಗೋಧಿಯಾದರೆ ಅದರ ಅರ್ಧ, ಬೆಲೆ ಕಟ್ಟಿ ಹಣವಾಗಿಯೂ ಕೊಡಬಹುದು. ಮನೆಯ ಯಜಮಾನ ತನ್ನ ಹೆಸರಿನಲ್ಲಷ್ಟೇ ಅಲ್ಲ, ಹಸುಗೂಸಿನ ಹೆಸರಿನಲ್ಲೂ ಕೊಡುತ್ತಾನೆ. ನಮಾಜು ಮುಗಿದ ಮೇಲೆ ಕೊಟ್ಟರೆ ಅದು ಸಾಧಾರಣ ದಾನವಾಗಿ ಉಳಿಯುತ್ತದೆಯೇ ಹೊರತು ಫಿತ್ರದ ಉದ್ದೇಶ ನೆರವೇರುವುದಿಲ್ಲ. ಈದ್ ದಿನ ಯಾವ ಬಡವನೂ ಮನೆಮನೆ ಸುತ್ತಿ ಕೈಚಾಚಬಾರದು ಎಂಬುದೇ ಆ ಉದ್ದೇಶ. ಹಬ್ಬ ಬರುವುದಕ್ಕೆ ಮುಂಚೆ ಅಕ್ಕಿ ಅವನ ಮನೆ ತಲುಪಿರಬೇಕು.

ನಮಗೆ ಇದರಿಂದೇನು?

ಪ್ರಿಯರೇ, "ನಾವು ಪ್ರೀತಿಯಿಂದ ಕೊಡುವವರು, ನಮಗೆ ಲೆಕ್ಕಾಚಾರದ ಕಟ್ಟಳೆ ಯಾಕೆ?" ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯನ್ನು ನೆನೆಸಿಕೊಳ್ಳಿ. ಝಕಾತಿನ ಲೆಕ್ಕದಲ್ಲಿ ಆಕೆ ಏನನ್ನೂ ಕೊಡಬೇಕಾಗಿರಲಿಲ್ಲ. ಪಡೆಯುವವರ ಸಾಲಿನಲ್ಲಿ ಆಕೆ ಮೊದಲಿಗಳಾಗುತ್ತಿದ್ದಳು. ಆದರೆ ಆಕೆ ತನ್ನ ಜೀವನೋಪಾಯವನ್ನೇ ಕೊಟ್ಟಳೆಂದು ಪ್ರಭು ಯೇಸು ಶಿಷ್ಯರಿಗೆ ತೋರಿಸಿದರು. ನಮ್ಮ ತಪಸ್ಸುಕಾಲ ಸಾಗುವುದು ಶಿಲುಬೆಯ ಕಡೆಗೆ, ತಮ್ಮನ್ನೇ ಪೂರ್ತಿ ಕೊಟ್ಟುಬಿಟ್ಟ ಕ್ರಿಸ್ತನ ಕಡೆಗೆ. ಅಲ್ಲಿ ನೂರಕ್ಕೆ ಇಷ್ಟು ಎಂಬ ಮಿತಿಯಿಲ್ಲ. ನಮ್ಮ ವಿಶ್ವಾಸದ ವಿಶೇಷ ಇದು. ಇದನ್ನು ಮರೆಮಾಚಬೇಕಾಗಿಲ್ಲ.

ಆದರೆ ಪ್ರೀತಿಗೆ ಅಳತೆಯಿಲ್ಲ ಎಂಬ ಮಾತು, ಅಳೆದು ನೋಡಿದರೆ ಏನೂ ಸಿಗದ ದಾನಕ್ಕೆ ಮರೆಯಾಗಬಾರದು. ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಕಡ್ಡಾಯ. ಸ್ವಂತ ಆದಾಯದಿಂದ ಬಡವರಿಗೆ ನೆರವಾಗುವುದೂ ವಿಶ್ವಾಸಿಗಳ ಕರ್ತವ್ಯವೆಂದು ಅದೇ ಸಂಹಿತೆ ಹೇಳುತ್ತದೆ. ಮೊದಲನೆಯ ಕಟ್ಟಳೆ ನಮಗೆಲ್ಲ ಗೊತ್ತು. ಎರಡನೆಯದು ಎಷ್ಟು ಜನರಿಗೆ ಗೊತ್ತು?

ಬಡವರ ಹಕ್ಕು ಎಂಬ ಮಾತು ಸಹ ನಮಗೆ ಹೊರಗಿನದಲ್ಲ. ಬಳಸದೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬಟ್ಟೆಯಿಲ್ಲದವನಿಗೆ ಸೇರಿದ್ದೆಂದು ನಾಲ್ಕನೆಯ ಶತಮಾನದಲ್ಲೇ ಸಂತ ಬಾಸಿಲ್ ಬೋಧಿಸಿದರು. ಬಡವನಿಗೆ ಕೊಡುವಾಗ ನೀನು ನಿನ್ನದನ್ನು ಕೊಡುತ್ತಿಲ್ಲ, ಅವನದನ್ನು ಹಿಂದಿರುಗಿಸುತ್ತಿದ್ದೀಯೆ ಎಂಬುದು ಸಂತ ಅಂಬ್ರೋಸರ ಬೋಧನೆ. ಪೋಪ್ ಆರನೆಯ ಪೌಲರು 1967ರ ತಮ್ಮ ವಿಶ್ವಪತ್ರದಲ್ಲಿ ಅದನ್ನು ಮತ್ತೆ ನೆನಪಿಸಿದರು. ಉಪವಾಸದಿಂದ ಉಳಿದದ್ದು ಬಡವರಿಗೆ ಸೇರಲಿ ಎಂದು ಐದನೆಯ ಶತಮಾನದಲ್ಲಿ ಮಹಾ ಸಂತ ಲಿಯೋ ಪ್ರಬೋಧಿಸಿದರು. ನೆರೆಮನೆಯ ದೀಪದ ಬೆಳಕಿನಲ್ಲಿ ನಮ್ಮ ಮನೆಯ ಹಳೆಯ ನಿಧಿಯೇ ನಮಗೆ ಕಾಣುತ್ತಿದೆ.

ಆದ್ದರಿಂದ ಮೂರು ಸಣ್ಣ ಕೆಲಸಗಳನ್ನು ಮಾಡೋಣ. ಒಂದು, ತಪಸ್ಸುಕಾಲದ ಶುಕ್ರವಾರಗಳಲ್ಲಿ ಬಿಟ್ಟ ಊಟದ ಬೆಲೆಯನ್ನು ಮಕ್ಕಳ ಕೈಯಿಂದಲೇ ಒಂದು ಡಬ್ಬಿಗೆ ಹಾಕಿಸೋಣ. ಮಾಂಸ ಬಿಟ್ಟು ಅದಕ್ಕಿಂತ ದುಬಾರಿ ಮೀನು ತಂದರೆ ಆ ಡಬ್ಬಿಗೆ ಬೀಳುವುದೇನು? ಎರಡು, ವರ್ಷಕ್ಕೊಮ್ಮೆ ಗಂಡಹೆಂಡತಿ ಕೂತು ಮನೆಯ ಉಳಿತಾಯದ ಲೆಕ್ಕ ತೆಗೆದು, ಬಡವರ ಪಾಲು ಇಷ್ಟು ಎಂದು ಮೊದಲೇ ತೆಗೆದಿಡೋಣ. ಮೂರು, ಪುನರುತ್ಥಾನದ ಹಬ್ಬಕ್ಕೆ ಹೊಸ ಬಟ್ಟೆ ಕೊಳ್ಳುವ ಮುಂಚೆ, ನಮ್ಮ ಧರ್ಮಕೇಂದ್ರದಲ್ಲಿ ಯಾರ ಮನೆಯಲ್ಲಿ ಅಂದು ಒಲೆ ಉರಿಯುವುದು ಕಷ್ಟವೆಂದು ವಿಚಾರಿಸೋಣ. ಹಬ್ಬದ ಪೂಜೆಗೆ ಬಾರದ ಕೆಲವರು ವಿಶ್ವಾಸ ಕಳೆದುಕೊಂಡವರಲ್ಲ. ಹಳೆಯ ಬಟ್ಟೆಯಲ್ಲಿ ಬರಲು ನಾಚಿದವರು. ಪಾಸ್ಖ ಜಾಗರಣೆಯ ಗಂಟೆ ಬಾರಿಸುವ ಮುಂಚೆಯೇ ಅವರ ಪಾಲು ಅವರ ಮನೆ ಸೇರಿರಲಿ, ಯಾರು ಕಳುಹಿಸಿದರೆಂದು ತಿಳಿಯದ ಹಾಗೆ.

2001ರ ಡಿಸೆಂಬರ್ 14ರಂದು ಪೋಪ್ ಎರಡನೆಯ ಜಾನ್ ಪೌಲರು ಶಾಂತಿಗಾಗಿ ಉಪವಾಸ ಮಾಡುವಂತೆ ಕಥೋಲಿಕರಿಗೆ ಕರೆ ಕೊಟ್ಟರು. ಅಮೆರಿಕದ ಮೇಲಿನ ಭಯೋತ್ಪಾದಕ ದಾಳಿಯ ನಂತರ ಜಗತ್ತು ಮುಸ್ಲಿಮರನ್ನು ಸಂಶಯದಿಂದ ನೋಡುತ್ತಿದ್ದ ದಿನಗಳವು. ಅವರು ಆರಿಸಿದ ಆ ಶುಕ್ರವಾರ ರಂಜಾನಿನ ಕೊನೆಯ ದಿನಗಳಲ್ಲಿ ಒಂದಾಗಿತ್ತು. ಎರಡು ಧರ್ಮಗಳ ಜನ ಒಂದೇ ದಿನ ದೇವರ ಮುಂದೆ ಹಸಿದು ನಿಂತರು. ಇನ್ನು ಮುಂದೆ ನಮ್ಮ ಮಗು ಪಕ್ಕದ ಮನೆಯ ಉಪವಾಸದ ಬಗ್ಗೆ ಕೇಳಿದಾಗ, "ಮಗೂ, ಹಸಿದವರ ಪಾಲು ತಮ್ಮ ಬಳಿ ಇದೆಯೆಂದು ಅವರು ನಂಬುತ್ತಾರೆ, ನಾವೂ ನಂಬುತ್ತೇವೆ" ಎಂದು ಹೇಳೋಣ. ಹೇಳಿದ್ದು ಸುಳ್ಳಾಗದಂತೆ ಬದುಕುವ ಕೃಪೆಯನ್ನು ಪ್ರಭು ಯೇಸು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.