ಕೋವಿಯ ಮರಕ್ಕೆ ಎಪಾಕ್ಸಿಯ ಹಾಸು

ಮೆಜೆಸ್ಟಿಕ್ಕಿನಿಂದ ಚಿಕ್ಕಪೇಟೆಯತ್ತ ನಡೆದು, ಎಸ್.ಪಿ. ರಸ್ತೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಅರಾಲ್ಡೈಟ್ ಎಂಬ ಎಪಾಕ್ಸಿ ಅಂಟನ್ನು ಕೇಳಿದರೆ, ಬೇಗ ಗಟ್ಟಿಯಾಗುವುದು ಬೇಕೋ ಮಾಮೂಲಿಯದೋ ಎಂಬ ಮರುಪ್ರಶ್ನೆ ಬರುವುದುಂಟು. ಒಡೆದ ಪಿಂಗಾಣಿಯನ್ನು ಕೂಡಿಸುವವರಿಗೆ ಈ ಭೇದ ಅಲ್ಪವಾಗಿ ತೋರಬಹುದು. ರೈಫಲ್ಲಿನ ಉಕ್ಕಿನ ಆಕ್ಷನ್ ಭಾಗವನ್ನು ಮರದ ಹಿಡಿಯೊಳಗೆ ಕದಲದಂತೆ ಕೂರಿಸಬೇಕಾದವರಿಗಾದರೋ ಸರ್ವವೂ ಇದನ್ನೇ ಅವಲಂಬಿಸಿದೆ.

ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ಸಲ್ಲಿಸುವ ಕೊಡಗಿನಲ್ಲಿ ಮಳೆಗಾಲವೆಂದರೆ ಮರಕ್ಕೆ ಪರೀಕ್ಷಾಕಾಲ. ತೇವವನ್ನು ಹೀರಿದ ಮರವು ಎಳೆಯ ಉದ್ದಕ್ಕೆ ಹೆಚ್ಚುಕಡಮೆ ಬದಲಾಗದೆ, ಅಡ್ಡಕ್ಕೆ ಮಾತ್ರ ಉಬ್ಬಿ, ಬೇಸಗೆಯಲ್ಲಿ ಮತ್ತೆ ಕುಗ್ಗುವುದರಿಂದ, ತಿರುಪುಗಳ ಬಿಗಿತವೂ ಆಕ್ಷನ್ನಿನ ಆಸನವೂ ಋತುವಿನೊಡನೆ ವ್ಯತ್ಯಾಸಗೊಳ್ಳುತ್ತವೆ. ನಳಿಗೆಯು ಒಂದು ಡಿಗ್ರಿಯ ಅರುವತ್ತರಲ್ಲೊಂದು ಪಾಲಿನಷ್ಟು ಓರೆಯಾದರೂ 100 ಮೀಟರ್ ದೂರದಲ್ಲಿ ಗುಂಡು ಸುಮಾರು 3 ಸೆಂಟಿಮೀಟರ್ ಸರಿದು ಬೀಳುವುದು.

ಈ ಚಾಂಚಲ್ಯವನ್ನು ನಿವಾರಿಸಲು ಮರಕ್ಕೂ ಉಕ್ಕಿಗೂ ನಡುವೆ ಎಪಾಕ್ಸಿಯ ತೆಳುವಾದ ಹಾಸನ್ನು ಎರೆಯುತ್ತಾರೆ. ಇಲ್ಲಿ ಬೇಕಾದ ಮುಖ್ಯ ಗುಣ ಅಂಟಲ್ಲ, ಕುಗ್ಗದಿರುವಿಕೆ. ರಾಳದ ಅಣುಗಳಲ್ಲಿರುವ ಪುಟ್ಟ ಉಂಗುರಗಳು ಬಿಚ್ಚಿಕೊಂಡು ಹಾರ್ಡನರಿನ ಅಮೈನುಗಳೊಡನೆ ಬೆಸೆಯುವಾಗ ನೀರಾಗಲಿ ಅನಿಲವಾಗಲಿ ಹೊರಬೀಳದು. ಉಂಗುರಗಳು ಹೀಗೆ ಬಿಚ್ಚಿಕೊಳ್ಳುವುದರಿಂದ ಎಪಾಕ್ಸಿ ಪಾಲಿಯೆಸ್ಟರ್ ರಾಳಕ್ಕಿಂತ ಬಹಳ ಕಡಿಮೆ ಕುಗ್ಗುತ್ತದೆ. ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಪುಡಿ ಬೆರೆತ ಎಪಾಕ್ಸಿಯಾದರೆ ಆ ಕುಗ್ಗುವಿಕೆಯೂ ತಗ್ಗಿ, ಹಿಂದೊದೆತದ ಒತ್ತಡಕ್ಕೆ ಜಗ್ಗದ ಕಾಠಿಣ್ಯ ಲಭಿಸುವುದು. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಯೋ, ಗುಳ್ಳೆಗಳು ಹೊರಬರಲೂ ಆಕ್ಷನ್ನನ್ನು ನೇರವಾಗಿ ಇಳಿಸಲೂ ಅವಕಾಶ ಕೊಡದು. ಸಾಮಾನ್ಯವಾಗಿ ನಳಿಗೆಯ ಬಿಸಿಗೆ ಬೇಗ ಮೆದುವಾಗುವುದೂ ಅದೇ. ಕೈಯಲ್ಲಿ ಕಲಸುವ ಎಂ-ಸೀಲ್ ಸೋರುವ ಕೊಳಾಯಿಗೆ ಉತ್ತಮವೇ ಸರಿ, ಆದರೆ ಅದು ತೆಳುವಾಗಿ ಹರಡಿ ಉಕ್ಕಿನ ಅಚ್ಚನ್ನು ನಿಖರವಾಗಿ ತಾಳದು.

ಮರವನ್ನು ಗೀರಿ ಒರಟುಗೊಳಿಸಿದರೆ ರಾಳ ಅದನ್ನು ಕಚ್ಚುವುದು. ಉಕ್ಕಿಗಾದರೋ ಮೇಣದ ಪಾಲಿಷನ್ನು ಎಲ್ಲೆಡೆಯೂ ಸವರಿ, ತಿರುಪಿನ ರಂಧ್ರಗಳನ್ನು ಮಕ್ಕಳಾಡುವ ಜೇಡಿಯಿಂದ ತುಂಬಿ ಇಳಿಸಬೇಕು. ಮೇಣ ತಪ್ಪಿದ ಒಂದು ಮೂಲೆ ಸಾಕು, ಆಕ್ಷನ್ ಮರಳಿ ಹೊರಬಾರದಿರಲು. ರಾಳ, ಹಾರ್ಡನರ್ ಎಂಬ ಎರಡು ಭಾಗಗಳ ಪ್ರಮಾಣವನ್ನು ಕಣ್ಣಂದಾಜಿಗೆ ಬಿಡದೆ ತಕ್ಕಡಿಯಲ್ಲಿ ತೂಗಿ, ಒಂದು ಇಡೀ ದಿನ ಅಲುಗಿಸದಿರುವುದು ಕ್ಷೇಮ.

ಮಂದಗತಿಯ, ಲೋಹದ ಪುಡಿ ಬೆರೆತ, ಬೆಣ್ಣೆಯಂತೆ ನಿಲ್ಲುವ ಎಪಾಕ್ಸಿಯನ್ನೇ ಆರಿಸಿರಿ. ಕೆಲಸವನ್ನು ಪರವಾನಗಿಯುಳ್ಳ ಕೋವಿ ದುರಸ್ತಿಗಾರರಿಂದಲೇ ಮಾಡಿಸಿರಿ.