ಹೊಳೆಯ ಮಹಶೀರ್ ಮೀನಿಗೆ ತಕ್ಕ ಗಾಳದ ದಾರ

ಹೊಳೆಯ ದಡದಲ್ಲಿ ಜಮೀನುಳ್ಳ ಬೇಸಾಯಗಾರರಲ್ಲಿ ಬಹುಮಂದಿ ಬಿಡುವಿನ ವೇಳೆಯಲ್ಲಿ ಗಾಳ ಹಾಕುವುದುಂಟು. ಬೇಸಗೆಯಲ್ಲಿ ಹೊಲದ ಕೆಲಸವು ಕಡಮೆಯಾಗಿ, ನೀರು ತಿಳಿಯಾಗಿ ಮಡುಗಳಲ್ಲಿ ನಿಂತಿರುವಾಗ ಇದರಿಂದ ಮನೆಯ ಅಡಿಗೆಗೂ ಒದಗುವುದು, ಮನಸ್ಸಿಗೂ ಉಲ್ಲಾಸವಾಗುವುದು. ಗೆಂಡೆ, ಪಕ್ಕೆ ಮುಂತಾದ ಸಣ್ಣ ಮೀನುಗಳಿಗೆ ಸಂತೆಯಲ್ಲಿ ಸಿಕ್ಕುವ ಯಾವ ದಾರವಾದರೂ ಸಾಕು. ಆದರೆ ಅದೇ ಮಡುವಿನಲ್ಲಿ ಮಹಶೀರ್ ಇದ್ದು, ಅದು ಗಾಳವನ್ನು ಕಚ್ಚಿತೆಂದರೆ ಆ ದಾರವು ಕ್ಷಣಮಾತ್ರದಲ್ಲಿ ತುಂಡಾಗುವುದು. ದಾರ ಹೋಯಿತು, ಮುಳ್ಳು ಹೋಯಿತು ಎಂದು ಗಾಳದವನು ತನ್ನ ನಷ್ಟವನ್ನು ಮಾತ್ರ ಲೆಕ್ಕ ಹಾಕಿ ಸುಮ್ಮನಾಗುವನು. ಮೀನಾದರೋ ಬಾಯಲ್ಲಿ ಮುಳ್ಳನ್ನೂ ಹಿಂದೆ ಹತ್ತಾರು ಮೊಳ ದಾರವನ್ನೂ ಎಳೆದುಕೊಂಡು ಹೋಗುವುದು. ಆ ದಾರವು ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡರೆ, ಮೀನು ಕಟ್ಟಿಹಾಕಿದ ಕರುವಿನಂತೆ ಅಲ್ಲಿಯೇ ನಿಂತು ಸಾಯುವುದು. ಆದುದರಿಂದ ದಾರದ ಆಯ್ಕೆಯು ಕೇವಲ ವಿನೋದದ ಮಾತಲ್ಲ.

ಮಹಶೀರನ್ನು ಕಾವೇರಿ ತೀರದ ಜನರು ಬಿಳಿಮೀನು ಎಂದೂ ಕರೆಯುವರು. ಬಾಯ ಬಳಿ ಎರಡು ಜೊತೆ ಮೀಸೆಗಳಿರುವುದರಿಂದ ಹಿಂದಿನ ಶಾಸ್ತ್ರಜ್ಞರು ಇದನ್ನು ಇಂಗ್ಲೆಂಡಿನ ನದಿಗಳ ಬಾರ್ಬಲ್ ಮೀನಿನೊಡನೆ ಒಂದೇ ಕುಲದಲ್ಲಿ ಸೇರಿಸಿದ್ದರು. ಈಗ ಇದಕ್ಕೆ ಟಾರ್ ಎಂಬ ಬೇರೆ ಕುಲದ ಹೆಸರಿರುವುದು. ಸ್ವಭಾವದಲ್ಲಿ ಈ ಎರಡು ಮೀನುಗಳಿಗೂ ಹೋಲಿಕೆಯುಂಟು. ಎರಡೂ ಓಡುವ ನೀರಿನ ತಳದಲ್ಲಿ ಕಲ್ಲುಗಳ ನಡುವೆ ಮೇಯತಕ್ಕವು. ಗಾತ್ರದಲ್ಲಿ ಮಾತ್ರ ಹೋಲಿಕೆಯಿಲ್ಲ. ಅಲ್ಲಿಯ ಬಾರ್ಬಲ್ 5 ಕಿಲೋಗ್ರಾಂ ತೂಗಿದರೆ ದೊಡ್ಡದೆನ್ನಿಸುವುದು. ನಮ್ಮ ಕಬಿನಿ ನದಿಯಲ್ಲಿಯೋ 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಎಂಬವರು ಗಾಳದಿಂದ ಹಿಡಿದ ಮಹಶೀರು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಬಾರ್ಬಲಿಗಾಗಿ ಇಂಗ್ಲಿಷ್ ಪುಸ್ತಕಗಳಲ್ಲಿ ಹೇಳಿರುವ ನಾಲ್ಕೈದು ಕಿಲೋಗ್ರಾಂ ಶಕ್ತಿಯ ದಾರವನ್ನು ಓದಿಕೊಂಡು ಇಲ್ಲಿಯೂ ಅದನ್ನೇ ಹಾಕುವುದು ಎಷ್ಟು ಅನುಚಿತವೆಂಬುದು ಇದರಿಂದ ತಿಳಿಯುವುದು.

ಅಷ್ಟು ದೊಡ್ಡ ಮೀನುಗಳು ಈಗ ಅಪರೂಪ. ಕಾವೇರಿಯ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ಟಾರ್ ರೇಮಾದೇವಿ ಎಂದು ಶಾಸ್ತ್ರಜ್ಞರು ಗುರುತಿಸಿದರು. ಅದೇ ವರ್ಷ ಅದು ನಿರ್ವಂಶವಾಗುವ ಅತಿ ಹೆಚ್ಚಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿತು. ಆದುದರಿಂದ ಯಾವ ಮಹಶೀರು ಗಾಳಕ್ಕೆ ಬಿದ್ದರೂ ಜೀವಸಹಿತ ನೀರಿಗೆ ಬಿಡತಕ್ಕದ್ದು. ರಾಮನಾಥಪುರ, ಶೃಂಗೇರಿ, ಶಿಶಿಲ ಮೊದಲಾದ ದೇವಸ್ಥಾನಗಳ ಮೀನಿನ ಮಡುಗಳಲ್ಲಿಯೂ ವನ್ಯಜೀವಿಧಾಮಗಳ ಎಲ್ಲೆಯೊಳಗೂ ಗಾಳದ ಮಾತನ್ನೇ ಎತ್ತಬಾರದು. ಉಳಿದ ಕಡೆ ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿ, ಅಪ್ಪಣೆ ಪಡೆದು ಹಾಕಬೇಕು.

ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನಲ್ಲಿ ಮಾತ್ರ ಏಡಿಯನ್ನೂ ಬಸವನಹುಳುವಿನ ಚಿಪ್ಪನ್ನೂ ಅರೆಯತಕ್ಕ ಗಟ್ಟಿ ಹಲ್ಲುಗಳಿರುವುವು. ಮುಳ್ಳು ತುಟಿಗೆ ಸಿಕ್ಕಿದರೆ ದಾರಕ್ಕೆ ಹಲ್ಲಿನ ಭಯವಿಲ್ಲ. ಭಯವಿರುವುದೆಲ್ಲ ಕಲ್ಲಿನದು. ಮುಳ್ಳು ತಗುಲಿದೊಡನೆ ಈ ಮೀನು ನೀರಿನ ಸೆಳವನ್ನು ಹಿಡಿದು ಕೆಳಕ್ಕೆ ಒಂದೇ ಓಟ ಓಡುವುದು. ಓಡುವಾಗ ಬಂಡೆಯನ್ನು ಬಳಸಿಕೊಂಡು ಹೋಗುವುದು. ಶಿವನಸಮುದ್ರದಿಂದ ಮೇಕೆದಾಟಿನವರೆಗೆ ಹೊಳೆಯ ಪಾತ್ರವನ್ನು ನೋಡಿದವರಿಗೆ ಅಲ್ಲಿಯ ಕಲ್ಲು ಎಂತಹುದೆಂದು ವಿವರಿಸಬೇಕಾಗಿಲ್ಲ. ಬಿಗಿಯಾಗಿ ನಿಂತ ದಾರವು ಆ ಕಲ್ಲಿನ ಅಂಚಿಗೆ ಉಜ್ಜಿದರೆ ಗರಗಸಕ್ಕೆ ಕೊಟ್ಟಂತೆಯೇ ಸರಿ. ದಾರವು ಮೀನಿನ ಭಾರಕ್ಕೆ ಹರಿಯುವುದು ಕಡಮೆ. ಕಲ್ಲಿಗೆ ತೇದು ಹರಿಯುವುದೇ ಹೆಚ್ಚು. ಅಂಗಡಿಯವನು ತೋರಿಸುವ ಸುರುಳಿಯ ಮೇಲೆ ಎಷ್ಟು ಕಿಲೋಗ್ರಾಂ ಎಂದು ಅಚ್ಚಾಗಿರುವುದೆಂದು ನೋಡುವುದಕ್ಕಿಂತ, ಒದ್ದೆಯಾದ ಮೇಲೆ, ಗಂಟು ಹಾಕಿದ ಮೇಲೆ, ಕಲ್ಲಿಗೆ ತೇದ ಮೇಲೆ ಎಷ್ಟು ಶಕ್ತಿ ಉಳಿಯುವುದೆಂದು ನೋಡುವುದೇ ವಿವೇಕ.

ಪೂರ್ವದಲ್ಲಿ ಗಾಳಕ್ಕೆ ಸಣಬು, ಹತ್ತಿ, ಅಗಸೆನಾರು, ರೇಷ್ಮೆ ಇವುಗಳ ಹುರಿಯನ್ನು ಉಪಯೋಗಿಸುತ್ತಿದ್ದರು. ಅಗಸೆನಾರು ನೆನೆದಾಗ ಇನ್ನಷ್ಟು ಗಟ್ಟಿಯಾಗುವ ಗುಣವುಳ್ಳದ್ದು. ಆದರೆ ಒಣಗಿಸದೆ ಬಿಟ್ಟರೆ ಕೊಳೆಯುವುದು. ಮುಳ್ಳಿನ ಬಳಿಯ ತುದಿಗೆ ಬಹುಕಾಲ ಉಪಯೋಗಿಸುತ್ತಿದ್ದ ಪದಾರ್ಥವೊಂದು ರೇಷ್ಮೆ ಬೆಳೆಯುವ ನಮ್ಮ ರೈತರಿಗೆ ಕುತೂಹಲವನ್ನುಂಟುಮಾಡುವಂತಹುದು. ಸ್ಪೇನ್ ದೇಶದ ಮುರ್ಸಿಯ ಸೀಮೆಯಲ್ಲಿ ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟಲು ಬಿಡದೆ ಹುಳಿರಸದಲ್ಲಿ ನೆನೆಹಾಕಿ, ಅದರ ಹೊಟ್ಟೆಯೊಳಗಿನ ರೇಷ್ಮೆಯ ಕೋಶವನ್ನು ಹೊರತೆಗೆದು, ಎರಡು ಕೈಗಳಿಂದ ಮೆಲ್ಲನೆ ಎಳೆದು ಒಂದೇ ಎಳೆಯಾಗಿ ಒಣಗಿಸುತ್ತಿದ್ದರು. ಹೀಗೆ ಒಂದು ಹುಳುವಿನಿಂದ ಬರುತ್ತಿದ್ದುದು ಒಂದು ಮೊಳದಷ್ಟು ಉದ್ದದ ಗಟ್ಟಿಯಾದ ತಂತಿ. ಸಾವಿರ ಅಡಿಗಳಿಗೂ ಮೀರಿದ ನೂಲನ್ನು ಕೊಡತಕ್ಕ ಗೂಡನ್ನು ಒಂದು ಮೊಳಕ್ಕಾಗಿ ಬಲಿಕೊಡುವುದು ನಮ್ಮವರಿಗೆ ದುಂದೆಂದು ತೋರಬಹುದು. ಒಣಗಿದ್ದಾಗ ಆ ತಂತಿಯು ಪೆಡಸಾಗಿ ಮುರಿಯುತ್ತಿದ್ದುದರಿಂದ ನೆನೆಹಾಕಿಯೇ ಗಂಟು ಹಾಕಬೇಕಾಗಿತ್ತು. 1935ರಲ್ಲಿ ಅಮೆರಿಕದಲ್ಲಿ ನೈಲಾನನ್ನು ಕಂಡುಹಿಡಿದ ಮೇಲೆ ಕ್ರಮೇಣ ಇವೆಲ್ಲವೂ ಮೂಲೆಗೆ ಸೇರಿದುವು.

ಈಗ ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಬಗೆಯ ದಾರಗಳು ದೊರೆಯುವುವು. ಅವುಗಳಲ್ಲಿ ನೈಲಾನಿನ ಒಂಟಿ ಎಳೆಯೇ ಅಗ್ಗವಾದುದು. ಇದು ಹರಿಯುವುದಕ್ಕೆ ಮೊದಲು ತನ್ನ ಉದ್ದದ ಐದನೆಯ ಒಂದು ಪಾಲಿನಷ್ಟು, ಕೆಲವು ವೇಳೆ ಇನ್ನೂ ಹೆಚ್ಚಾಗಿ, ಹಿಗ್ಗುವುದು. ಮೀನು ಧಿಡೀರನೆ ಜಗ್ಗಿದಾಗ ಈ ಹಿಗ್ಗುವಿಕೆಯೇ ಗಂಟನ್ನೂ ಮೀನಿನ ತುಟಿಯನ್ನೂ ಕಾಪಾಡುವುದು. ನೀರನ್ನು ಹೀರುವುದರಿಂದ ಅದರ ಶಕ್ತಿಯು ನೂರಕ್ಕೆ ಹತ್ತು ಹದಿನೈದರಷ್ಟು ಕುಗ್ಗುವುದೆಂಬುದನ್ನೂ ಬಿಸಿಲು ಇದರ ಶತ್ರುವೆಂಬುದನ್ನೂ ಮರೆಯಬಾರದು.

ಎರಡನೆಯದು ಪಾಲಿಥೀನ್ ಜಾತಿಯ ಅತಿ ನವುರಾದ ಎಳೆಗಳನ್ನು ಜಡೆಯಂತೆ ಹೆಣೆದ ದಾರ. ಒಂದೇ ದಪ್ಪಕ್ಕೆ ಹೋಲಿಸಿದರೆ ಇದರ ಶಕ್ತಿಯು ನೈಲಾನಿಗಿಂತ ಬಹಳ ಹೆಚ್ಚು. ನೀರನ್ನು ಹೀರದು, ಹಿಗ್ಗದು; ಮೀನು ಮುಟ್ಟಿದ್ದು ಕೂಡಲೆ ಕೈಗೆ ತಿಳಿಯುವುದು. ಇಷ್ಟು ಗುಣಗಳನ್ನು ಕೇಳಿ ಅನೇಕರು ಇದಕ್ಕೆ ಮರುಳಾಗುವರು. ಆದರೆ ಬಿಗಿಯಾಗಿ ನಿಂತಿರುವಾಗ ಕಲ್ಲಿನ ಅಂಚು ತಗುಲಿದರೆ ಆ ನವುರಾದ ಎಳೆಗಳು ಒಂದೊಂದಾಗಿ ಕತ್ತರಿಸಿಹೋಗುವುವು. ಇದರ ನಯವು ಗಂಟನ್ನು ಜಾರಿಸುವುದು. ಬರಿಗೈಯಲ್ಲಿ ಎಳೆಯುವವರ ಬೆರಳನ್ನು ಕೊಯ್ಯುವುದು. ಮರಳಿನ ತಳದ ಹೊಳೆಗೆ ಇದು ಒಳ್ಳೆಯದೇ ಸರಿ, ಬಂಡೆಯ ಹೊಳೆಗೆ ಇದೊಂದನ್ನೇ ನಂಬುವುದು ತಪ್ಪು.

ಫ್ಲೂರೋಕಾರ್ಬನ್ ಎಂಬುದು ಮೂರನೆಯದು. ನೀರಿಗಿಂತ ಬಹಳ ಭಾರವಾದುದರಿಂದ ತಳಕ್ಕೆ ಇಳಿಯುವುದು, ನೀರಿನಲ್ಲಿ ಕಣ್ಣಿಗೆ ಕಾಣುವುದು ಕಡಮೆ, ನೆನೆದು ಬಲಗುಂದದು. ಬೆಲೆಯೂ ಬಿರುಸೂ ಹೆಚ್ಚಾದ್ದರಿಂದ ಇದನ್ನು ತುದಿಯ ಒಂದೆರಡು ಗಜಕ್ಕೆ ಮಾತ್ರ ಬಳಸುವುದು ವಾಡಿಕೆ. ಕದಡಿದ ನೀರಿನಲ್ಲಿ ಇದಕ್ಕೆ ಹಣ ಸುರಿಯಬೇಕಾದ ಅಗತ್ಯ ಕಾಣುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಬಂಡೆಗಳ ನಡುವೆ ಮಹಶೀರ್ ಇರುವ ಎಡೆಯಲ್ಲಿ 0.50 ಮಿಲಿಮೀಟರ್ ದಪ್ಪದ ನೈಲಾನಿಗಿಂತ ಸಣ್ಣದನ್ನು ಹಾಕಕೂಡದು. ಒಳ್ಳೆಯ ತಯಾರಿಕೆಯಾದರೆ ಇದು ಸುಮಾರು 15 ಕಿಲೋಗ್ರಾಂ ಭಾರವನ್ನು ತಡೆಯುವುದು. ದಪ್ಪದಲ್ಲಿ ಸ್ವಲ್ಪ ಹೆಚ್ಚಿಸಿದರೂ ಬಲವು ಬಹಳ ಹೆಚ್ಚುವುದೆಂಬುದನ್ನು ಗಮನಿಸಬೇಕು: 0.30ರಿಂದ 0.40ಕ್ಕೆ ಹೋದರೆ ಅಡ್ಡಕೊಯ್ತದ ವಿಸ್ತಾರವು 9ಕ್ಕೆ 16ರಂತೆ, ಎಂದರೆ ಹೆಚ್ಚು ಕಡಮೆ ಇಮ್ಮಡಿಯಾಗುವುದು. ಅಲ್ಲದೆ ಒಂದೇ ಆಳದ ಗೀರು ಸಣ್ಣ ಎಳೆಗೆ ಮಾಡುವಷ್ಟು ಹಾನಿಯನ್ನು ದಪ್ಪ ಎಳೆಗೆ ಮಾಡಲಾರದು. ಹೆಣೆದ ದಾರವೇ ಬೇಕೆಂಬವರು ಅದರ ತುದಿಗೆ ಐದಾರು ಮೀಟರು 0.60 ಮಿಲಿಮೀಟರಿನ ನೈಲಾನನ್ನು ಸೇರಿಸಿಕೊಳ್ಳಲಿ. ತೆಳುವಾದ ದಾರದಿಂದ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸಿ ಗೆದ್ದೆನೆಂದು ಹೇಳಿಕೊಳ್ಳುವವರುಂಟು. ಬೇಸಗೆಯ ಬೆಚ್ಚನೆಯ ನೀರಿನಲ್ಲಿ ಪ್ರಾಣವಾಯು ಕಡಮೆ; ಅಷ್ಟು ಹೊತ್ತು ಹೋರಾಡಿ ಬಳಲಿದ ಮೀನು, ಬಿಟ್ಟ ಮೇಲೆಯೂ ಬದುಕುವುದೆಂಬ ಭರವಸೆಯಿಲ್ಲ. ಗಟ್ಟಿ ದಾರವಿದ್ದರೆ ಮೀನನ್ನು ಬೇಗ ದಡಕ್ಕೆ ತಂದು, ನೀರಿನಿಂದ ಎತ್ತದೆಯೇ ಮುಳ್ಳನ್ನು ಬಿಡಿಸಿ ಕಳುಹಿಸಬಹುದು. ಮುಳ್ಳಿನ ಕೊಕ್ಕೆಯನ್ನು ಮೊದಲೇ ಇಕ್ಕುಳದಿಂದ ಅದುಮಿ ಮಟ್ಟಮಾಡಿದ್ದರೆ ಇದು ಇನ್ನೂ ಸುಲಭ.

ಸುರುಳಿಯ ಮೇಲಿನ ಅಂಕಿಯನ್ನು ಕುರುಡಾಗಿ ನಂಬಬೇಕಾಗಿಲ್ಲ. ಒಂದು ಲೀಟರು ನೀರಿನ ತೂಕವು ಒಂದು ಕಿಲೋಗ್ರಾಂ ಎಂಬುದನ್ನು ಬಲ್ಲ ಯಾವ ರೈತನಾದರೂ ಮನೆಯಂಗಳದಲ್ಲಿಯೇ ದಾರವನ್ನು ಪರೀಕ್ಷಿಸಬಹುದು. ಒಂದೇ ಸುರುಳಿಯಿಂದ ಎರಡೆರಡು ಅಡಿಯ ಮೂರು ತುಂಡುಗಳನ್ನು ಕತ್ತರಿಸಿಕೊಳ್ಳಬೇಕು. ಮೊದಲನೆಯದನ್ನು ಒಣಗಿದಂತೆಯೇ ಇಟ್ಟುಕೊಂಡು, ಉಳಿದೆರಡನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಸಿ, ಅವುಗಳಲ್ಲಿ ಒಂದನ್ನು ಹೊಳೆಯಿಂದ ತಂದ ಒರಟು ಕಲ್ಲಿನ ಮೇಲೆ ಇಪ್ಪತ್ತು ಸಲ ಎಳೆಯಬೇಕು. ತುಂಡಿನ ಮೇಲ್ತುದಿಯನ್ನು ಗಟ್ಟಿಯಾದ ಕೊಂಬೆಗೆ ಬಿಗಿದ ಕಬ್ಬಿಣದ ಬಳೆಗೂ ಕೆಳತುದಿಯನ್ನು ಬಕೀಟಿನ ಹಿಡಿಗೂ ಕಟ್ಟಬೇಕು. ಎರಡು ಕಡೆಯೂ ಮುಳ್ಳಿಗೆ ಹಾಕತಕ್ಕ ಗಂಟನ್ನೇ ಹಾಕತಕ್ಕದ್ದು. ಬಕೀಟು ನೆಲದಿಂದ ನಾಲ್ಕು ಬೆರಳಿಗಿಂತ ಮೇಲಿರಬಾರದು. ಬಳಿಕ ಲೀಟರಿನ ಅಳತೆಯಿಂದ ನೀರನ್ನು ನಿಧಾನವಾಗಿ ಹುಯ್ಯುತ್ತ, ದಾರವು ಹರಿದಾಗ ಹುಯ್ದ ಲೀಟರುಗಳಿಗೆ ಬಕೀಟಿನ ತೂಕವನ್ನು ಕೂಡಿಸಬೇಕು. ಬಕೀಟು ತುಂಬಿದರೂ ಹರಿಯದಿದ್ದರೆ, ಮೊದಲೇ ತೂಗಿಟ್ಟ ಕಲ್ಲುಗಳನ್ನು ಅದರೊಳಗೆ ಇಟ್ಟು ಪುನಃ ಆರಂಭಿಸಬಹುದು. ಮೂರನೆಯ ತುಂಡು ಹೊತ್ತ ಭಾರವೇ ಆ ದಾರದ ನಿಜವಾದ ಬಲ. ಎರಡು ಮೂರು ತಯಾರಿಕೆಗಳನ್ನು ಹೀಗೆ ಹೋಲಿಸಿದರೆ ಬೆಲೆಗೂ ಬಲಕ್ಕೂ ಯಾವಾಗಲೂ ಸಂಬಂಧವಿರುವುದಿಲ್ಲವೆಂದು ಕಾಣುವುದು.

ಗಂಟನ್ನು ಬಿಗಿಯುವ ಮುನ್ನ ಎಂಜಲಿನಿಂದಲೋ ನೀರಿನಿಂದಲೋ ಒದ್ದೆಮಾಡತಕ್ಕದ್ದು. ಒಣಗಿದ ನೈಲಾನನ್ನು ಥಟ್ಟನೆ ಎಳೆದರೆ ಉಜ್ಜಾಟದ ಕಾವಿನಿಂದ ಗಂಟಿನಲ್ಲಿಯೇ ಎಳೆಯು ಕೆಡುವುದು. ಎಸೆಯುವಾಗ ದಾರದ ನಡುವೆ ತಾನಾಗಿಯೇ ಬೀಳುವ ಸಾದಾ ಗಂಟು ಇದಕ್ಕಿಂತಲೂ ಕೆಟ್ಟದ್ದು; ಅದು ದಾರದ ಬಲವನ್ನು ಅರ್ಧಕ್ಕೆ ಇಳಿಸಬಲ್ಲುದು. ಕಂಡೊಡನೆ ಅಲ್ಲಿಯವರೆಗೆ ಕತ್ತರಿಸಿಹಾಕಬೇಕು. ಸೀಸದ ಗುಂಡನ್ನು ಮುಖ್ಯ ದಾರಕ್ಕೆ ಕಟ್ಟದೆ, ಅದಕ್ಕಿಂತ ಬಹಳ ತೆಳುವಾದ ಒಂದು ಗೇಣು ಎಳೆಯಿಂದ ಪಕ್ಕಕ್ಕೆ ಇಳಿಬಿಡುವುದು ಲೇಸು. ಕಲ್ಲಿನ ಸಂದಿನಲ್ಲಿ ಗುಂಡು ಸಿಕ್ಕಿದರೆ ಆ ತೆಳುವಾದ ಎಳೆಯು ಹರಿದು, ದಾರವೂ ಮೀನೂ ಬಿಡುಗಡೆಯಾಗುವುವು. ರಾಟೆಯಿಲ್ಲದೆ ಕೈದಾರವನ್ನೇ ಹಾಕುವವರು ಯಾವ ಕಾರಣಕ್ಕೂ ಅದನ್ನು ಅಂಗೈಗಾಗಲಿ ಮಣಿಕಟ್ಟಿಗಾಗಲಿ ಸುತ್ತಿಕೊಳ್ಳಬಾರದು.

ಪ್ರತಿ ಸಲ ಗಾಳ ಹಾಕಿ ಬಂದ ಮೇಲೆ ತುದಿಯ ಕೆಲವು ಗಜ ದಾರವನ್ನು ಸ್ವಲ್ಪ ಅರಳೆಯ ನಡುವೆ ಹಿಡಿದು ಎಳೆದು ನೋಡಬೇಕು. ಗೀರು ಬಿದ್ದ ಕಡೆ ಅರಳೆಯ ಎಳೆಗಳು ಸಿಕ್ಕಿಕೊಳ್ಳುವುವು. ಅಷ್ಟನ್ನು ಕತ್ತರಿಸಿ ತೆಗೆಯುವುದಕ್ಕೆ ಜಿಪುಣತನ ಮಾಡಬಾರದು. ಉಳಿದುದನ್ನು ಬಿಸಿಲು ಬೀಳದ ತಂಪಾದ ಸ್ಥಳದಲ್ಲಿ ಇಟ್ಟರೆ ಒಂದೆರಡು ಬೇಸಗೆಗೆ ಬಾಳುವುದು. ಕತ್ತರಿಸಿದ ತುಂಡುಗಳು ಹತ್ತಿಯ ಹುರಿಯಂತೆ ಕೊಳೆತು ಮಣ್ಣಾಗತಕ್ಕವಲ್ಲ. ದಡದಲ್ಲಿ ಬಿಸುಟ ನೈಲಾನು ನೀರುನಾಯಿಯ ಕೊರಳಿಗೂ ನೀರುಕಾಗೆಯ ಕಾಲಿಗೂ ಉರುಲಾಗುವುದು. ಹುಲ್ಲಿನೊಡನೆ ದನದ ಹೊಟ್ಟೆಗೆ ಹೋದರೆ ಆಗುವ ತೊಂದರೆಯನ್ನು ಪಶುವೈದ್ಯರು ಬಲ್ಲರು. ಆದುದರಿಂದ ಆ ತುಂಡುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಸಿಕೊಂಡು ಮನೆಗೆ ತಂದು, ಬೆರಳುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ತಿಪ್ಪೆಗೆ ಹಾಕದೆ, ಪಂಚಾಯಿತಿಯ ಒಣ ಕಸದೊಡನೆ ಕೊಡತಕ್ಕದ್ದು.